ಮೀನಿಗೊಂದು ಪಂಖಾ

ನಮ್ಮ ಮನೆಯ ಗಾಜಿನ ತೊಟ್ಟಿಯಲ್ಲಿ ಎರಡು ಕಡಲಮೀನುಗಳಿವೆ. ಅವಕ್ಕೆ ನೀರು 26 ಡಿಗ್ರಿಯ ಆಸುಪಾಸು ಇರಬೇಕು. ಪುಣೆಯ ಬೇಸಗೆಯೋ 40 ಮುಟ್ಟುವುದುಂಟು. ನೀರು ಕಾದಷ್ಟೂ ಅದರೊಳಗಿನ ಪ್ರಾಣವಾಯು ಕಡಿಮೆ. ಮೀನುಗಳು ಮೇಲೆ ಬಂದು ಬಾಯಿ ಬಿಡತೊಡಗುತ್ತವೆ. ತಂಪು ಮಾಡುವ ಯಂತ್ರ ಕಾರಕೂನರ ಸಂಬಳಕ್ಕೆ ನಿಲುಕದ ಮಾತು. ಆದ್ದರಿಂದ ಮುಚ್ಚಳ ತೆಗೆದು, ಮೇಜಿನ ಪಂಖಾದ ಗಾಳಿಯನ್ನು ನೀರಿನ ಮೇಲೆ ಹಾಯಿಸುತ್ತೇವೆ. ಏಳುವ ಆವಿ ಶಾಖವನ್ನೂ ಒಯ್ಯುತ್ತದೆ. ಮಣ್ಣಿನ ಹೂಜಿಯ ನ್ಯಾಯವೇ. ಎರಡು ಡಿಗ್ರಿ ಇಳಿದರೆ ನಮಗೆ ಹಬ್ಬ. ಆದರೆ ಉಪ್ಪು ಆವಿಯಾಗದು. ತಗ್ಗಿದಷ್ಟಕ್ಕೂ ಶುದ್ಧವಾದ ಸಿಹಿನೀರನ್ನೇ ಸುರಿಯಬೇಕು.

"ಮಕ್ಕಳಿಗಿಲ್ಲದ ಪಂಖಾ ಮೀನಿಗೇನ್ರೀ?" ಎಂದು ಮನೆಯವರು ಕೇಳಿದ್ದುಂಟು. ಮಧ್ಯಾಹ್ನ ವಿದ್ಯುತ್ತು ಹೋದಾಗ ನಾವು ಕಚೇರಿಯಲ್ಲಿರುತ್ತೇವೆ. ಆಗ ಬಾಟಲಿಯಲ್ಲಿ ಬಿಗಿದ ಮಂಜುಗಡ್ಡೆಯನ್ನು ತೊಟ್ಟಿಯಲ್ಲಿ ತೇಲಿಬಿಟ್ಟು, ಒಮ್ಮೆಲೇ ತಣ್ಣಗಾಗದಂತೆ ಉಷ್ಣಮಾಪಕ ನೋಡುತ್ತ ಕೂಡುವವರೂ ಅವರೇ.