97 ಅಂಕದ ಆಟ

ನಮ್ಮ ಮನೆಗಳಲ್ಲಿ ಅಂಕದ ಮಾತು ಬಾರದ ದಿನವಿಲ್ಲ. ಮಗು ಶಾಲೆಯ ಮೆಟ್ಟಿಲು ಹತ್ತಿದಂದು ಆರಂಭವಾಗುವ ಈ ಲೆಕ್ಕ ಎಸ್ಸೆಸ್ಸೆಲ್ಸಿ, ಪಿಯುಸಿಗಳನ್ನು ದಾಟಿದರೂ ಬೆನ್ನು ಬಿಡುವುದಿಲ್ಲ. "ಎಷ್ಟು ಬಂತು?" ಎಂದು ಕೇಳುವವರೇ ಎಲ್ಲರೂ. "ಏನು ಕಲಿತೆ?" ಎಂದು ಕೇಳುವವರು ಬಹಳ ಕಡಿಮೆ. ಹೈಸ್ಕೂಲಿನಲ್ಲಿ ಪಾಠ ಮಾಡುತ್ತಾ, ವರ್ಷವರ್ಷವೂ ಉತ್ತರ ಪತ್ರಿಕೆಗಳ ಕಟ್ಟು ಬಿಚ್ಚುತ್ತಾ ಬಂದಿರುವ ನನಗೆ ಅಂಕ ಹೇಗೆ ಹುಟ್ಟುತ್ತದೆ ಎಂಬುದು ಗೊತ್ತು. ಆದರೆ ಪರೀಕ್ಷೆ ಬರೆಯದ ಆಟಗಳಿಗೂ ಅಂಕ ಬೀಳುತ್ತದೆ ಎಂಬುದನ್ನು ನನಗೆ ತಿಳಿಸಿಕೊಟ್ಟವನು ಮಗ.

ಅವನಾಗ ಒಂಬತ್ತನೇ ತರಗತಿ. ಅವನ ಮಾಮ ದಮ್ಮಾಮಿನಿಂದ ಬರುವಾಗ ಪ್ಲೇಸ್ಟೇಷನ್ ತಂದುಕೊಟ್ಟಿದ್ದ. "ಇನ್ನೊಂದು ಗೇಮ್ ಬೇಕಿದ್ದರೆ ಹೇಳು, ಕೊಡಿಸುತ್ತೇನೆ" ಎಂದೂ ಹೇಳಿ ಹೋಗಿದ್ದ. ಮಗ ಕೇಳಿದ್ದು ಜಿಟಿಎ 5, ಅಂದರೆ ಗ್ರ್ಯಾಂಡ್ ಥೆಫ್ಟ್ ಆಟೋ ಸರಣಿಯಲ್ಲಿ 2013ರಲ್ಲಿ ಬಂದ ಆಟ. ಹೆಸರಿನಲ್ಲೇ ಕಳ್ಳತನವಿದೆಯಲ್ಲ ಎಂದು ನಾನು ಹುಬ್ಬೇರಿಸಿದೆ. ಅವನು ಕೂಡಲೇ ಒಂದು ಸಂಖ್ಯೆಯನ್ನು ಮುಂದಿಟ್ಟ.

"ಉಮ್ಮಾ, ಇದಕ್ಕೆ 97 ಬಂದಿದೆ. ನೂರಕ್ಕೆ 97! ದೊಡ್ಡ ದೊಡ್ಡ ವಿಮರ್ಶಕರು ಕೊಟ್ಟದ್ದು. ನಾನು ಗಣಿತದಲ್ಲಿ 97 ತಂದರೆ ನೀವು ಕೆಟ್ಟದ್ದು ಅನ್ನುತ್ತೀರಾ?"

ವಾದ ಚೆನ್ನಾಗಿಯೇ ಇತ್ತು. ಅಂಕವೇ ದೊಡ್ಡದೆಂದು ಕೇಳುತ್ತಾ ಬೆಳೆದ ಹುಡುಗ ನಮ್ಮ ತಕ್ಕಡಿಯಲ್ಲೇ ನಮ್ಮನ್ನು ತೂಗಿದ್ದ. "ಬೇಡ ಅಂದರೆ ಬೇಡ" ಎಂದು ಬಾಯಿ ಮುಚ್ಚಿಸುವುದು ಸುಲಭ. ಆದರೆ ಹದಿನಾಲ್ಕರ ಹುಡುಗನಿಗೆ ಕಾರಣ ಕೊಡದೆ ಬಾಗಿಲು ಮುಚ್ಚಿದರೆ ಅವನು ಗೆಳೆಯನ ಮನೆಯ ಬಾಗಿಲು ತಟ್ಟುತ್ತಾನೆ. ಅಲ್ಲಿ ನಾನು ಕಾವಲು ನಿಲ್ಲಲು ಸಾಧ್ಯವೇ? "ಈ 97 ಯಾರು ಕೊಟ್ಟದ್ದು, ಯಾವುದಕ್ಕೆ ಕೊಟ್ಟದ್ದು, ಇಬ್ಬರೂ ನೋಡೋಣ ಮೋನೇ" ಎಂದೆ. ಆಮೇಲೆ ಕೆಲವು ವಾರ ರಾತ್ರಿ ಊಟ ಮುಗಿದ ಮೇಲೆ ನಮ್ಮಿಬ್ಬರ ಓದು ಅದೇ ಆಯಿತು.

ಸಿನಿಮಾಕ್ಕೆ ವಿಮರ್ಶಕರಿರುವಂತೆ ಗೇಮ್‌ಗಳಿಗೂ ವಿಮರ್ಶಕರಿದ್ದಾರೆ. ಆಟ ಮಾರುಕಟ್ಟೆಗೆ ಬರುವ ಕೆಲವು ದಿನಗಳ ಮೊದಲೇ ಕಂಪೆನಿ ಅವರಿಗೆ ಪ್ರತಿ ಕಳುಹಿಸುತ್ತದೆ. ಇಂತಹ ದಿನ, ಇಂತಹ ಗಂಟೆಗೆ ಮೊದಲು ವಿಮರ್ಶೆ ಪ್ರಕಟಿಸಬಾರದು ಎಂಬ ಷರತ್ತೂ ಇರುತ್ತದೆ. ಸಿನಿಮಾ ಎರಡೂವರೆ ಗಂಟೆಯಲ್ಲಿ ಮುಗಿಯುತ್ತದೆ. ಆದರೆ ದೊಡ್ಡ ಗೇಮ್ ಒಂದನ್ನು ಮುಗಿಸಲು ಮೂವತ್ತು ನಲವತ್ತು ಗಂಟೆಯೂ ಬೇಕಾದೀತು. ಚಿತ್ರ, ಧ್ವನಿ, ಕತೆ ಹೇಗಿದೆ, ಕೈಯಲ್ಲಿರುವ ಗುಂಡಿಗಳ ಮಾತನ್ನು ಆಟ ಕೇಳುತ್ತದೆಯೇ, ಮಧ್ಯೆ ಕೆಟ್ಟು ನಿಲ್ಲುತ್ತದೆಯೇ, ಕೊಟ್ಟ ಹಣಕ್ಕೆ ಮೋಸವಿಲ್ಲವೇ ಎಂದೆಲ್ಲ ನೋಡಿ ಅವರು ಬರೆಯುತ್ತಾರೆ. ಬರಹದ ಕೊನೆಗೆ ಒಂದು ಸಂಖ್ಯೆ.

ಈ ಸಂಖ್ಯೆ ಕೊಡುವ ಕ್ರಮವೂ ಒಂದೊಂದು ಕಡೆ ಒಂದೊಂದು ರೀತಿ. ಜಪಾನಿನ ಫಮಿತ್ಸು ಎಂಬ ಪತ್ರಿಕೆಯಲ್ಲಿ ನಾಲ್ವರು ವಿಮರ್ಶಕರು ತಲಾ ಹತ್ತರಲ್ಲಿ ಅಂಕ ಕೊಟ್ಟು, ಒಟ್ಟು ನಲವತ್ತಕ್ಕೆ ಕೂಡಿಸುತ್ತಾರೆ. 1986ರಲ್ಲಿ ಆರಂಭವಾದ ಆ ಪತ್ರಿಕೆ ಮೊದಲ ಬಾರಿಗೆ ಪೂರ್ಣ 40 ಕೊಟ್ಟದ್ದು 1998ರಲ್ಲಿ, ಜೆಲ್ಡಾ ಸರಣಿಯ ಒಂದು ಆಟಕ್ಕೆ. ಹನ್ನೆರಡು ವರ್ಷ ಕೈ ಬಿಗಿ ಹಿಡಿದಿದ್ದರು ನೋಡಿ! ಇನ್ನು ಕೆಲವರದು ಹತ್ತರ ಲೆಕ್ಕ, ಕೆಲವರದು ಐದು ನಕ್ಷತ್ರ.

ಇವನ್ನೆಲ್ಲ ಒಂದೇ ಪಾತ್ರೆಗೆ ಸುರಿದು ನೂರರ ಲೆಕ್ಕಕ್ಕೆ ತರುವುದು ಮೆಟಾಕ್ರಿಟಿಕ್. ಅಮೆರಿಕದಲ್ಲಿ 2001ರಲ್ಲಿ ಆರಂಭವಾದ ತಾಣ ಅದು. ಮಗ ತೋರಿಸಿದ 97 ಬಂದದ್ದು ಅಲ್ಲಿಂದಲೇ. ಅದು ಬರಿಯ ಸರಾಸರಿಯಲ್ಲ. ಕೆಲವು ಪತ್ರಿಕೆಗಳ ಅಂಕಕ್ಕೆ ಹೆಚ್ಚು ತೂಕ, ಕೆಲವಕ್ಕೆ ಕಡಿಮೆ. ಯಾರಿಗೆ ಎಷ್ಟು ತೂಕ ಎಂಬುದನ್ನು ಅವರು ಹೊರಗೆ ಹೇಳುವುದಿಲ್ಲ. ನಾವು ಮೌಲ್ಯಮಾಪನಕ್ಕೆ ಕುಳಿತಾಗ ಕೈಯಲ್ಲಿ ಮಾದರಿ ಉತ್ತರವಿರುತ್ತದೆ. ಮಗುವಿಗೆ ಅನುಮಾನ ಬಂದರೆ ಮರುಮೌಲ್ಯಮಾಪನಕ್ಕೂ ಅವಕಾಶವಿದೆ. ಇಲ್ಲಿ ಮಾದರಿ ಉತ್ತರವೂ ಇಲ್ಲ, ಮರುಮೌಲ್ಯಮಾಪನವೂ ಇಲ್ಲ.

ಇನ್ನೊಂದು ವಿಚಿತ್ರ ಗಮನಿಸಿದೆ. ಒಳ್ಳೆಯದೆಂದು ಹಸಿರು ಬಣ್ಣ ಪಡೆಯಲು ಆ ತಾಣದಲ್ಲಿ ಸಿನಿಮಾಕ್ಕೆ 61 ಬಂದರೆ ಸಾಕು. ಗೇಮ್‌ಗೆ ಮಾತ್ರ 75 ಬರಬೇಕು! ಯಾಕೆಂದರೆ ಗೇಮ್ ವಿಮರ್ಶಕರು ಮೊದಲಿನಿಂದಲೂ ಅಂಕದಲ್ಲಿ ಉದಾರಿಗಳು. ನಮ್ಮ ಕಾಲದಲ್ಲಿ 35 ಬಂದರೆ ಪಾಸು, 60 ಬಂದರೆ ಫಸ್ಟ್ ಕ್ಲಾಸ್. ಗೇಮ್ ಲೋಕದಲ್ಲಿ ಹತ್ತಕ್ಕೆ 7 ಎಂದರೆ "ಪರವಾಗಿಲ್ಲ" ಎಂದಷ್ಟೇ ಅರ್ಥ. 5 ಬಂದರೆ ಅದನ್ನು ಮುಟ್ಟುವವರೇ ಇಲ್ಲ.

ಅಂಕ ಇಷ್ಟು ದೊಡ್ಡದಾದ ಕಡೆ ಹಣವೂ ಬಂದು ಸೇರುತ್ತದೆ. 2010ರಲ್ಲಿ ಫಾಲ್ಔಟ್: ನ್ಯೂ ವೇಗಸ್ ಎಂಬ ಆಟ ಬಂತು. ಅದನ್ನು ತಯಾರಿಸಿದ ಅಬ್ಸಿಡಿಯನ್ ಸಂಸ್ಥೆಗೆ ಒಂದು ಒಪ್ಪಂದವಿತ್ತು: ಮೆಟಾಕ್ರಿಟಿಕ್‌ನಲ್ಲಿ 85 ಬಂದರೆ ಬೋನಸ್. ಬಂದದ್ದು 84. ಒಂದೇ ಒಂದು ಅಂಕಕ್ಕೆ ಬೋನಸ್ ತಪ್ಪಿತು! ಈ ಸಂಗತಿಯನ್ನು 2012ರಲ್ಲಿ ಅದೇ ಸಂಸ್ಥೆಯ ಕ್ರಿಸ್ ಅವೆಲೋನ್ ಬಹಿರಂಗಪಡಿಸಿದರು. ಆಟ ಚೆನ್ನಾಗಿಲ್ಲವೆಂದು ಬರೆದ ವಿಮರ್ಶಕನಿಗೆ, ಎಲ್ಲೋ ಕೆಲಸಗಾರರ ಬೋನಸ್ ತನ್ನ ಪೆನ್ನಿನ ತುದಿಯಲ್ಲಿದೆ ಎಂಬುದು ಗೊತ್ತಿರಲು ಸಾಧ್ಯವೇ?

ಪ್ರಾಮಾಣಿಕವಾಗಿ ಬರೆದವರೂ ಬೆಲೆ ತೆತ್ತಿದ್ದಾರೆ. 2007ರಲ್ಲಿ ಗೇಮ್‌ಸ್ಪಾಟ್‌ನ ಜೆಫ್ ಗರ್ಸ್ಟ್‌ಮನ್ ಒಂದು ಆಟಕ್ಕೆ ಹತ್ತರಲ್ಲಿ 6 ಕೊಟ್ಟರು. ಅದೇ ಸಮಯದಲ್ಲಿ ಅದೇ ತಾಣದ ತುಂಬ ಆ ಆಟದ ಜಾಹೀರಾತು! ಕೆಲವೇ ದಿನಗಳಲ್ಲಿ ಅವರನ್ನು ಕೆಲಸದಿಂದ ತೆಗೆಯಲಾಯಿತು. ಇದರ ಹಿಂದೆ ಜಾಹೀರಾತುದಾರರ ಒತ್ತಡವಿತ್ತೆಂದು ಅವರು ಬಹಿರಂಗವಾಗಿ ಹೇಳಲು ಸಾಧ್ಯವಾದದ್ದು 2012ರಲ್ಲಿ.

ಕೆಲವೊಮ್ಮೆ ವಿಮರ್ಶಕನ ಕೈಗೆ ಪೂರ್ತಿ ಉತ್ತರ ಪತ್ರಿಕೆಯೇ ಬರುವುದಿಲ್ಲ. 2020ರ ಡಿಸೆಂಬರ್ 10ರಂದು ಸೈಬರ್‌ಪಂಕ್ 2077 ಬಿಡುಗಡೆಯಾಯಿತು. ಮೊದಲೇ ವಿಮರ್ಶಕರಿಗೆ ಕೊಟ್ಟಿದ್ದು ಕಂಪ್ಯೂಟರಿನಲ್ಲಿ ಆಡುವ ಪ್ರತಿ ಮಾತ್ರ. ಅವರು ಮೆಚ್ಚಿ ಅಂಕ ಕೊಟ್ಟರು. ಆದರೆ ಹಳೆಯ ಪ್ಲೇಸ್ಟೇಷನ್ 4ರಲ್ಲಿ ಹಾಕಿದವರಿಗೆ ಆಟ ಮಧ್ಯೆ ಮಧ್ಯೆ ನಿಲ್ಲುತ್ತಿತ್ತು, ಚಿತ್ರಗಳು ಒಡೆಯುತ್ತಿದ್ದವು. ಬಿಡುಗಡೆಯಾಗಿ ಒಂದೇ ವಾರದಲ್ಲಿ ಸೋನಿ ಆ ಆಟವನ್ನು ತನ್ನ ಅಂಗಡಿಯಿಂದ ತೆಗೆದು ಹಣ ಹಿಂತಿರುಗಿಸಲು ಮುಂದಾಯಿತು. ಅದು ಮತ್ತೆ ಅಂಗಡಿಗೆ ಬಂದದ್ದು 2021ರ ಜೂನ್‌ನಲ್ಲಿ. ಒಂದೇ ಆಟ, ಕಂಪ್ಯೂಟರಿನಲ್ಲಿ 86, ಪ್ಲೇಸ್ಟೇಷನ್ 4ರಲ್ಲಿ 57.

"ಹಾಗಾದರೆ ವಿಮರ್ಶಕರನ್ನು ಬಿಡಿ ಉಮ್ಮಾ, ಆಡಿದವರು ಕೊಟ್ಟ ಅಂಕ ನೋಡೋಣ" ಎಂದ ಮಗ. ಅದನ್ನೂ ನೋಡಿದೆವು. 2020ರ ಜೂನ್‌ನಲ್ಲಿ ದಿ ಲಾಸ್ಟ್ ಆಫ್ ಅಸ್ ಸರಣಿಯ ಎರಡನೆಯ ಆಟ ಬಂದಾಗ ವಿಮರ್ಶಕರ ಅಂಕ 93. ಜನರದ್ದು? ಬಿಡುಗಡೆಯಾದ ಕೆಲವೇ ಗಂಟೆಗಳಲ್ಲಿ ಸಾವಿರಾರು ಸೊನ್ನೆಗಳು ಬಿದ್ದವು. ಮುಗಿಸಲು ಇಪ್ಪತ್ತು ಗಂಟೆಗೂ ಹೆಚ್ಚು ಬೇಕಾದ ಆಟಕ್ಕೆ ಅಷ್ಟು ಬೇಗ ಸೊನ್ನೆ ಹೇಗೆ? ಉತ್ತರ ಪತ್ರಿಕೆ ತೆರೆಯದೆಯೇ ಅಂಕ ಹಾಕಿದ್ದರು. ಆಮೇಲೆ ಮೆಟಾಕ್ರಿಟಿಕ್ ಹೊಸ ನಿಯಮ ತಂದಿತು. ಆಟ ಬಂದು 36 ಗಂಟೆ ಕಳೆಯುವವರೆಗೆ ಜನರು ಅಂಕ ಹಾಕುವಂತಿಲ್ಲ.

ಈ ಗೊಂದಲ ನೋಡಿ ಬೇಸತ್ತ ಬ್ರಿಟನ್ನಿನ ಯೂರೋಗೇಮರ್ 2015ರಲ್ಲಿ ಅಂಕ ಕೊಡುವುದನ್ನೇ ನಿಲ್ಲಿಸಿತು. ಆದರೆ ಓದುಗರಿಗೆ ಸಂಖ್ಯೆ ಬೇಕು. 2023ರಲ್ಲಿ ಅದೂ ಐದು ನಕ್ಷತ್ರಗಳ ದಾರಿಗೆ ಮರಳಿತು. ಅಂಕದ ಹಂಬಲ ನಮ್ಮ ಊರಿನದು ಮಾತ್ರವಲ್ಲ!

ಕೊನೆಗೆ ನಾವು ಜಿಟಿಎ 5ರ ವಿಮರ್ಶೆಗಳಿಗೆ ಬಂದೆವು. ಗೇಮ್‌ಸ್ಪಾಟ್‌ನಲ್ಲಿ ಅದನ್ನು ವಿಮರ್ಶಿಸಿದವರು ಕೆರೊಲಿನ್ ಪೆಟಿಟ್ ಎಂಬ ವಿಮರ್ಶಕಿ. ಆಟದ ವಿಸ್ತಾರವನ್ನು, ಅದರೊಳಗಿನ ನಗರವನ್ನು, ಕತೆ ಹೇಳುವ ರೀತಿಯನ್ನು ಅವರು ಮನಸಾರೆ ಹೊಗಳಿದ್ದರು. ಜೊತೆಗೆ, ಈ ಆಟ ಹೆಣ್ಣನ್ನು ಕೀಳಾಗಿ ಕಾಣುತ್ತದೆ ಎಂದೂ ನಿರ್ದಾಕ್ಷಿಣ್ಯವಾಗಿ ಬರೆದಿದ್ದರು. ಕೊಟ್ಟ ಅಂಕ ಎಷ್ಟು ಗೊತ್ತೇ? ಹತ್ತಕ್ಕೆ 9! ಅಷ್ಟು ಕೊಟ್ಟರೂ ಅವರ ಮೇಲೆ ಸಾವಿರಾರು ಮಂದಿ ಮುಗಿಬಿದ್ದರು. ಒಂದು ಅಂಕ ಕಡಿಮೆಯಾಯಿತು, ಹೆಣ್ಣಿನ ಮಾತು ಯಾಕೆ ತಂದಳು ಎಂಬ ಸಿಟ್ಟು. ಅವರನ್ನು ಕೆಲಸದಿಂದ ತೆಗೆಯಬೇಕೆಂದು ಸಹಿ ಸಂಗ್ರಹವೂ ನಡೆಯಿತು.

ಇದನ್ನು ಓದಿ ಮಗ ಸ್ವಲ್ಪ ಹೊತ್ತು ಸುಮ್ಮನಿದ್ದ. ನಂತರ ಕೇಳಿದ, "ಹೆಣ್ಣನ್ನು ಕೀಳಾಗಿ ತೋರಿಸಿದೆ ಅಂದಮೇಲೆ 9 ಯಾಕೆ ಕೊಟ್ಟರು ಉಮ್ಮಾ? ಸುಳ್ಳಲ್ಲವಾ ಅದು?"

ಸುಳ್ಳಲ್ಲ. ಪ್ರಶ್ನೆ ಬೇರೆ, ಅಷ್ಟೇ. "ಆಟವನ್ನು ಎಷ್ಟು ಚೆನ್ನಾಗಿ ಕಟ್ಟಿದ್ದಾರೆ?" ಎಂಬ ಪ್ರಶ್ನೆಗೆ 9 ಉತ್ತರ. "ಇದನ್ನು ನನ್ನ ಹದಿನಾಲ್ಕು ವರ್ಷದ ಮಗ ಆಡಬಹುದೇ?" ಎಂದು ಆ ವಿಮರ್ಶಕಿಯನ್ನು ಯಾರೂ ಕೇಳಿರಲಿಲ್ಲ. 97 ಎಂಬ ಸಂಖ್ಯೆಯಲ್ಲೂ ಆ ಪ್ರಶ್ನೆಗೆ ಉತ್ತರವಿಲ್ಲ.

ಆ ಪ್ರಶ್ನೆಗೆ ಉತ್ತರ ಹುಡುಕಲು ಬೇರೆಯೇ ಚೀಟಿ ಇದೆ. ಆಟಗಳಲ್ಲಿನ ಹಿಂಸೆಯ ಬಗ್ಗೆ ಅಮೆರಿಕದ ಸೆನೆಟ್‌ನಲ್ಲಿ 1993ರಲ್ಲಿ ಗದ್ದಲವೆದ್ದ ಮೇಲೆ, ಮರುವರ್ಷ ಗೇಮ್ ಉದ್ಯಮ ಇಎಸ್‌ಆರ್‌ಬಿ ಎಂಬ ಮಂಡಳಿ ಸ್ಥಾಪಿಸಿತು. ಯುರೋಪಿನಲ್ಲಿ 2003ರಿಂದ ಪೆಗಿ ಎಂಬ ವ್ಯವಸ್ಥೆಯಿದ್ದು, 3, 7, 12, 16, 18 ಎಂಬ ವಯಸ್ಸಿನ ಗುರುತು ಕೊಡುತ್ತದೆ. ಇವು ಆಟ ಚೆನ್ನಾಗಿದೆಯೇ ಎಂದು ಹೇಳುವುದಿಲ್ಲ. ಒಳಗೆ ಏನಿದೆ, ಯಾವ ವಯಸ್ಸಿನವರಿಗೆ ಎಂದಷ್ಟೇ ಹೇಳುತ್ತವೆ. ಜಿಟಿಎ 5ಕ್ಕೆ ಇಎಸ್‌ಆರ್‌ಬಿ ಕೊಟ್ಟದ್ದು 17 ದಾಟಿದವರ ಗುರುತು, ಪೆಗಿ ಕೊಟ್ಟದ್ದು 18. ಕಾರಣಗಳನ್ನೂ ಪಟ್ಟಿ ಮಾಡಿದ್ದಾರೆ: ರಕ್ತಪಾತ, ತೀವ್ರ ಹಿಂಸೆ, ನಗ್ನತೆ, ಅಶ್ಲೀಲ ಮಾತು, ಮಾದಕ ವಸ್ತು ಮತ್ತು ಮದ್ಯದ ಬಳಕೆ. ಕಟ್ಟಿಹಾಕಿದ ಮನುಷ್ಯನೊಬ್ಬನಿಗೆ ಆಡುವವನೇ ತನ್ನ ಕೈಯಾರೆ ಚಿತ್ರಹಿಂಸೆ ಕೊಡುವ ಭಾಗವೂ ಅದರಲ್ಲಿದೆ.

ಒಂದೇ ಆಟಕ್ಕೆ ಎರಡು ಸಂಖ್ಯೆ: 97 ಮತ್ತು 18. ಮಗ ಮೊದಲನೆಯದನ್ನು ಮಾತ್ರ ತಂದಿದ್ದ. ಎರಡೂ ಸತ್ಯವೇ. ಅವನೇ ಪಟ್ಟಿಯನ್ನು ಗಟ್ಟಿಯಾಗಿ ಓದುತ್ತಾ ಮೂರನೆಯ ಪದಕ್ಕೆ ಬಂದಾಗ ಧ್ವನಿ ತಗ್ಗಿಸಿದ. ನಾನು ಹೆಚ್ಚು ಹೇಳುವ ಅಗತ್ಯ ಬೀಳಲಿಲ್ಲ. ಆದರೂ ಅವನಿಗೆ ಬೇಸರವಾಯಿತು. ಎರಡು ದಿನ ಸರಿಯಾಗಿ ಮಾತಾಡಲಿಲ್ಲ. "ಕ್ಲಾಸಿನಲ್ಲಿ ಎಲ್ಲರೂ ಆಡುತ್ತಾರೆ" ಎಂದ. ಇರಬಹುದು. ಅವನ ಮಾಮನಿಗೂ ಫೋನ್ ಮಾಡಿ ವಿಷಯ ತಿಳಿಸಿದೆ. "97 ಇದೆ ಅಂದನಲ್ಲಾ ಅಕ್ಕಾ!" ಎಂದು ಅವನೂ ಆಶ್ಚರ್ಯಪಟ್ಟ.

ಆಮೇಲೆ ಮಗನೇ ಹುಡುಕಿ ತಂದದ್ದು ಮೈನ್‌ಕ್ರಾಫ್ಟ್. ಇಟ್ಟಿಗೆಯಂಥ ತುಂಡುಗಳಿಂದ ಮನೆ, ಸೇತುವೆ, ಊರು ಕಟ್ಟುವ ಆಟ. ವಿಮರ್ಶಕರ ಅಂಕ 93, ಇಎಸ್‌ಆರ್‌ಬಿ ಗುರುತು 10 ದಾಟಿದವರಿಗೆ. ಈ ಸಲ ಎರಡೂ ಸಂಖ್ಯೆಗಳನ್ನು ಅವನೇ ಬರೆದು ತಂದಿದ್ದ. ಕೆಳಗೆ ಇನ್ನೊಂದು ಸಾಲು: "ಒಳಗೆ ಹಣ ಕೊಟ್ಟು ಕೊಳ್ಳುವ ವಸ್ತುಗಳಿವೆ, ಅಪರಿಚಿತರ ಜೊತೆ ಮಾತಾಡುವ ಸೌಲಭ್ಯವೂ ಇದೆ." ಅದನ್ನು ಬರೆಯಲು ನಾನು ಹೇಳಿರಲಿಲ್ಲ. ಆ ಎರಡು ವಿಷಯಗಳ ಬಗ್ಗೆ ಮೊದಲೇ ಮಾತಾಡಿ, ಕಟ್ಟುಪಾಡು ಮಾಡಿಕೊಂಡು, ಆಟ ಮನೆಗೆ ಬಂತು.

ಸಹೋದರಿಯರೇ, ನಮ್ಮಲ್ಲಿ ಹೆಚ್ಚಿನವರ ಮನೆಯಲ್ಲಿ ಪ್ಲೇಸ್ಟೇಷನ್ ಇಲ್ಲದಿರಬಹುದು. ಆದರೆ ಮೊಬೈಲ್ ಇಲ್ಲದ ಮನೆ ಎಲ್ಲಿದೆ? ಪ್ಲೇ ಸ್ಟೋರ್‌ನಲ್ಲಿ ಆಟವೊಂದನ್ನು ತೆರೆದಾಗ ಮಕ್ಕಳಿಗೆ ಕಾಣುವುದು ನಕ್ಷತ್ರ. ಅದರ ಪಕ್ಕದಲ್ಲೇ 3+, 7+, 12+, 16+, 18+ ಎಂದು ವಯಸ್ಸು ಬರೆದಿರುತ್ತದೆ. ಅದು ಹೆಚ್ಚಾಗಿ ಆಟ ತಯಾರಿಸಿದವರೇ ತುಂಬಿಕೊಟ್ಟ ಪ್ರಶ್ನಾವಳಿಯ ಆಧಾರದಲ್ಲಿ ಬಂದ ಸಂಖ್ಯೆ. ಅದೇ ಕೊನೆಯ ಮಾತಲ್ಲ. ಆದರೂ ನೋಡಬೇಕಾದ ಮೊದಲ ಮಾತು. ನಂತರ ವಿಮರ್ಶೆಯ ಒಳಗಿನ ನಾಲ್ಕು ಸಾಲು ಓದಬೇಕು. ಓದಲು ಬಾರದಿದ್ದರೆ ಮಗುವಿನಿಂದಲೇ ಓದಿಸಿ, ಅರ್ಥ ಹೇಳಿಸಬೇಕು. ಹದಿನೈದು ನಿಮಿಷ ಪಕ್ಕದಲ್ಲಿ ಕುಳಿತು ಅದು ಆಡುವುದನ್ನು ನೋಡಬೇಕು. ಯಾವ ವಿಮರ್ಶಕನೂ ನಮ್ಮ ಮಗುವನ್ನು ನೋಡಿ ಅಂಕ ಕೊಟ್ಟಿಲ್ಲ. ಸೋತಾಗ ಅದು ಹೇಗೆ ಸಿಡುಕುತ್ತದೆ, ಆಟ ಮುಗಿಸಿ ಎದ್ದಾಗ ತಂಗಿಯ ಜೊತೆ ಹೇಗೆ ಮಾತಾಡುತ್ತದೆ ಎಂಬುದು ಗೊತ್ತಿರುವುದು ನಮಗೆ ಮಾತ್ರ.

ಮಗಳಿಗೆ ಸಂಬಂಧ ಬಂದಾಗ ಹುಡುಗನ ಅಂಕಪಟ್ಟಿ ನೋಡಿಯಷ್ಟೇ ಯಾರಾದರೂ ಹೂಂ ಅನ್ನುತ್ತಾರೆಯೇ? ಎಷ್ಟೇ ಅಂಕ ಇರಲಿ, ಸ್ವಭಾವ ವಿಚಾರಿಸುತ್ತೇವೆ, ನೆರೆಮನೆಯವರನ್ನು ಕೇಳುತ್ತೇವೆ, ಮನೆಗೆ ಹೋಗಿ ನೋಡಿ ಬರುತ್ತೇವೆ. ದಿನಕ್ಕೆರಡು ಗಂಟೆ ನಮ್ಮ ಮಗುವಿನ ಜೊತೆ ಇರಲು ಬರುವ ಆಟದ ಬಗ್ಗೆಯೂ ಅಷ್ಟು ವಿಚಾರಣೆ ಇರಲಿ.