ಟಿಕೆಟಿಲ್ಲದ ಮೈಸೂರು

ರಜೆ ಬಂತೆಂದರೆ ಮಕ್ಕಳದ್ದು ಒಂದೇ ಹಠ, ಎಲ್ಲಿಗಾದರೂ ಹೋಗೋಣ. ಕೆಲವು ವರ್ಷಗಳ ಹಿಂದೆ ಮೈಸೂರಿಗೆ ಹೋಗಿದ್ದಾಗ ನಾವು ಆರು ಮಂದಿ ಒಂದು ನೀರಾಟದ ಪಾರ್ಕಿನ ಗೇಟಿನವರೆಗೂ ಹೋಗಿ ಹಿಂದಿರುಗಿದೆವು. ದರದ ಫಲಕದ ಮುಂದೆ ನಿಂತು ಇವರು ಬೆರಳು ಮಡಚಿ ಲೆಕ್ಕ ಹಾಕುತ್ತಿದ್ದರು. ಅದನ್ನು ನೋಡುತ್ತಿದ್ದ ಸಣ್ಣ ಮಗ, "ನನಗೆ ನೀರೆಂದರೆ ಹೆದರಿಕೆ ಉಪ್ಪಾ, ಬೇಡ" ಎಂದ. ಅವನಿಗೆ ನೀರಿನ ಹೆದರಿಕೆ ಎಂದೂ ಇರಲಿಲ್ಲ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮರುದಿನ ಭಾನುವಾರ. ಬುತ್ತಿ ಕಟ್ಟಿಕೊಂಡು ಶ್ರೀರಂಗಪಟ್ಟಣದ ಬಸ್ಸು ಹತ್ತಿದೆವು. ಮೈಸೂರಿನಿಂದ ಹೆಚ್ಚೆಂದರೆ 15 ಕಿ.ಮೀ. ನೀವು ಈಗ ಹೋಗುವುದಾದರೆ ಇನ್ನೂ ಅಗ್ಗ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸಾಮಾನ್ಯ ಸರಕಾರಿ ಬಸ್ಸಿನಲ್ಲಿ ರಾಜ್ಯದ ಹೆಂಗಸರಿಗೆ ದುಡ್ಡಿಲ್ಲ. ಗುರುತಿನ ಚೀಟಿ ಮಾತ್ರ ಮರೆಯಬೇಡಿ.

ಕೋಟೆಯೊಳಗೆ ನಡೆದೇ ನೋಡಬಹುದು. ಎರಡು ಮಿನಾರಗಳ ಜಾಮಿಯಾ ಮಸೀದಿ, ಕೈದಿಗಳನ್ನಿಟ್ಟಿದ್ದ ನೆಲಮಾಳಿಗೆ, 1799ರ ಮೇ 4ರಂದು ಟಿಪ್ಪು ಸುಲ್ತಾನರ ದೇಹ ಸಿಕ್ಕಿದ ಜಾಗ. ಯಾವುದಕ್ಕೂ ಟಿಕೆಟಿಲ್ಲ.

ದರಿಯಾ ದೌಲತ್‌ಗೆ ಮಾತ್ರ ಟಿಕೆಟು ಇದೆ. ದೊಡ್ಡವರಿಗೆ 25 ರೂಪಾಯಿ, ಹದಿನೈದು ವರ್ಷದೊಳಗಿನ ಮಕ್ಕಳಿಗೆ ಉಚಿತ. 1784ರಲ್ಲಿ ಟಿಪ್ಪು ಕಟ್ಟಿಸಿದ ಈ ಬೇಸಿಗೆ ಅರಮನೆಯಲ್ಲಿ ಅವಸರ ಮಾಡಬೇಡಿ. ಪಶ್ಚಿಮದ ಗೋಡೆಯ ತುಂಬಾ 1780ರ ಪೊಳ್ಳಿಲೂರು ಯುದ್ಧದ ಚಿತ್ರ. ಆನೆ, ಕುದುರೆ, ಸಿಡಿಯುತ್ತಿರುವ ಮದ್ದಿನ ಬಂಡಿ. ಇವೆಲ್ಲದರ ನಡುವೆ ಪಲ್ಲಕ್ಕಿಯಲ್ಲಿ ಕುಳಿತ ಇಂಗ್ಲಿಷರ ಕರ್ನಲ್ ಬೇಲಿ. ಅವನನ್ನು ಹುಡುಕಿ ಎಂದು ಮಕ್ಕಳಿಗೆ ಹೇಳಿ ನೋಡಿ. ನಮ್ಮ ಮನೆಯ ನಾಲ್ವರಿಗೂ ಅರ್ಧ ಗಂಟೆ ಹಿಡಿಯಿತು. "ಬೆರಳು ಕಚ್ಚಿಕೊಂಡು ಕೂತಿದ್ದಾನೆ!" ಎಂದು ಮೊದಲು ಕೂಗಿದವನು ಸಣ್ಣವನೇ.

ಅಲ್ಲಿಂದ ಗುಂಬಝ್‌ಗೆ ಆಟೋದಲ್ಲಿ ಹೋದೆವು. ಹತ್ತುವ ಮೊದಲೇ ಬಾಡಿಗೆ ಮಾತಾಡಿಕೊಳ್ಳಿ. ತಂದೆ ಹೈದರಾಲಿಗಾಗಿ ಟಿಪ್ಪು ಕಟ್ಟಿಸಿದ ಸಮಾಧಿ ಇದು. ತಂದೆ, ತಾಯಿ, ಮಗ ಮೂವರೂ ಒಂದೇ ಗುಮ್ಮಟದ ಕೆಳಗೆ ಮಲಗಿದ್ದಾರೆ. ಸುತ್ತಲಿನ ಕಪ್ಪು ಕಲ್ಲಿನ ಕಂಬಗಳು 36. ನಮ್ಮ ಮಕ್ಕಳ ಎಣಿಕೆಯಲ್ಲಿ ಒಮ್ಮೆ 35, ಒಮ್ಮೆ 37. ಸ್ವಲ್ಪ ಮುಂದೆ ಹೋದರೆ ಕಾವೇರಿಯ ಎರಡು ಕವಲುಗಳು ಕೂಡುವ ಸಂಗಮ. ಮರದ ನೆರಳಲ್ಲಿ ಬುತ್ತಿ ಬಿಚ್ಚಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಆದರೆ ಮಕ್ಕಳನ್ನು ನೀರಿಗೆ ಬಿಡಲೇಬೇಡಿ, ಸೆಳವು ಮೇಲೆ ಕಾಣುವುದಿಲ್ಲ.

ಆರು ಗಂಟೆಯೊಳಗೆ ಮೈಸೂರಿಗೆ ಮರಳಿರಿ. ಭಾನುವಾರ ಮತ್ತು ಸರಕಾರಿ ರಜಾದಿನಗಳ ಸಂಜೆ ಏಳಕ್ಕೆ ಅರಮನೆಯ ದೀಪಗಳನ್ನು ಹಚ್ಚುತ್ತಾರೆ. ಆಗ ಅಂಗಳಕ್ಕೆ ಹೋಗಲು ಹಣ ಕೊಡಬೇಕಿಲ್ಲ. ಜನಜಂಗುಳಿ ಇರುತ್ತದೆ, ಮಕ್ಕಳ ಕೈ ಬಿಡಬೇಡಿ. ಸುಮಾರು ಒಂದು ಲಕ್ಷ ಬಲ್ಬುಗಳು ಒಟ್ಟಿಗೇ ಹೊತ್ತಿಕೊಂಡಾಗ ಸಣ್ಣವನು ಇವರ ಹೆಗಲ ಮೇಲಿದ್ದ. ಬಗ್ಗಿ ಕಿವಿಯಲ್ಲಿ ಕೇಳಿದ: "ಇದಕ್ಕೆಷ್ಟು ಕೊಟ್ಟಿರಿ ಉಪ್ಪಾ?"

ಏನೂ ಇಲ್ಲವೆಂದು ಎಷ್ಟು ಹೇಳಿದರೂ ಅವನು ನಂಬಲಿಲ್ಲ.