ಠಾಕೂರರ ಮನೆಯ ಬೀಗದ ಕೈ

1973ರ ಅಕ್ಟೋಬರ್ 3. ರಾಮನಗರದ ರಾಮದೇವರ ಬೆಟ್ಟದ ತಪ್ಪಲಲ್ಲಿ ನಿಂತಿದ್ದೀರಿ. ನಿನ್ನೆ ಮಳೆ ಬಂದು ಕೆಲಸವೆಲ್ಲ ಕೆಟ್ಟಿತ್ತು. ಇವತ್ತೂ ನೆಲ ಹಸಿ. ಬೆನ್ನ ಹಿಂದೆ ಬೋಳುಬಂಡೆ. ಅದರ ನೆತ್ತಿ ನೋಡಬೇಕಾದರೆ ಕತ್ತು ಪೂರಾ ಹಿಂದಕ್ಕೆ ಬಾಗಿಸಬೇಕು. ಕಣ್ಣೆದುರಿಗೆ ಒಂದು ದೊಡ್ಡಮನೆ. ಅಗಲವಾದ ಅಂಗಳ, ಉದ್ದನೆಯ ಪಡಸಾಲೆ, ಅದರಾಚೆಗೆ ಊರು. ಕೆಲವು ತಿಂಗಳ ಹಿಂದೆ ಇಲ್ಲಿ ಊರೂ ಇರಲಿಲ್ಲ, ಮನೆಯೂ ಇರಲಿಲ್ಲ. ಹೆದ್ದಾರಿಯಿಂದ ಇಲ್ಲಿಗೆ ಬರುವ ರಸ್ತೆಯನ್ನೂ ಈ ಮನೆಗಾಗಿಯೇ ಮಾಡಿದ್ದಾರೆ.

ಗದ್ದಲ ನಿಲ್ಲುತ್ತದೆ. ನೀಳಕಾಯದ ಹುಡುಗನೊಬ್ಬ ಬಿಳಿ ಸೀರೆಯ ಹೆಣ್ಣುಮಗಳ ಮುಂದೆ ನಿಂತು ತಿಜೋರಿಯ ಬೀಗದ ಕೈ ವಾಪಸು ಕೊಡುತ್ತಾನೆ. ‘ಶೋಲೆ’ ಸಿನಿಮಾದ ಮೊದಲ ಶಾಟ್ ಇದು. ಹುಡುಗ ಅಮಿತಾಭ್ ಬಚ್ಚನ್, ಆಕೆ ಜಯಾ ಭಾದುರಿ. ನಿಜಜೀವನದಲ್ಲಿ ಇಬ್ಬರಿಗೂ ಮದುವೆಯಾಗಿ ನಾಲ್ಕು ತಿಂಗಳು. ಕ್ಯಾಮೆರಾದೆದುರು ಆಕೆ ವಿಧವೆ, ಈತ ಕಳ್ಳ. ಮನೆಯ ಲೆಕ್ಕದಲ್ಲಿ ನೋಡಿದರೆ ಇದು ಗೃಹಪ್ರವೇಶವೇ. ಹಾಲುಕ್ಕಿಸುವ ಬದಲು ಬೀಗದ ಕೈ ಕೈ ಬದಲಾಯಿಸಿತು, ಅಷ್ಟೆ.

ಈ ಊರಿನ ಮೇಸ್ತ್ರಿ ಕಲಾ ನಿರ್ದೇಶಕ ರಾಮ್ ಯೇಡೇಕರ್. ಈ ಜಾಗ ಹುಡುಕಿದವರೂ ಅವರೇ. ಕಥೆ ನಡೆಯುವುದು ಉತ್ತರದ ಕಡೆಯ ರಾಮಗಢದಲ್ಲಿ, ಹಾಗಾಗಿ ಮನೆಯ ಚಹರೆಯೂ ಆ ಕಡೆಯದು. ನಮ್ಮ ಸೀಮೆಯ ಮನೆ ಬೇರೆ ಥರ: ನಡುವೆ ತೊಟ್ಟಿ, ಸುತ್ತ ಕಲ್ಲುಕಂಬ, ತಲೆಯ ಮೇಲೆ ನಾಡಹೆಂಚು, ರೇಷ್ಮೆ ಬಿಚ್ಚುವವರದಾದರೆ ಗೂಡು ಬೇಯುವ ವಾಸನೆ ಗೋಡೆಗೂ ಹತ್ತಿರುತ್ತದೆ. ಕಥೆಯ ಠಾಕೂರರ ಈ ಮನೆಗೆ ಅಂಥ ವಾಸನೆಯಿಲ್ಲ. ಅಲ್ಲಿ ಯಾರೂ ಅಡುಗೆ ಮಾಡಿಲ್ಲ, ಮಗು ಹೆತ್ತಿಲ್ಲ.

ಸಂಜೆಯವರೆಗೆ ಇರಿ. ಸೂರ್ಯ ಬಂಡೆಯ ಹಿಂದಕ್ಕೆ ಸರಿದ ಮೇಲೆ, ಕತ್ತಲಾಗುವ ಮುನ್ನ, ಅಂಗಳಕ್ಕೆ ನೀಲಿ ಬೆರೆತ ಬೂದುಬಣ್ಣದ ಬೆಳಕು ಇಳಿಯುತ್ತದೆ. ಛಾಯಾಗ್ರಾಹಕ ದ್ವಾರಕಾ ದಿವೇಚಾ ಕಾಯುತ್ತಿರುವುದು ಅದಕ್ಕೇ. ಈಚೆ ಮೆಟ್ಟಿಲ ಮೇಲೆ ಕೂತ ಅಮಿತಾಭ್ ಮೌತ್ ಆರ್ಗನ್ ಊದುತ್ತಾನೆ, ಆಚೆ ಪಡಸಾಲೆಯಲ್ಲಿ ಜಯಾ ದೀಪದ ಬತ್ತಿ ಇಳಿಸುತ್ತಾಳೆ. ಮಾತಿಲ್ಲ. ಅಷ್ಟರಲ್ಲಿ ಕತ್ತಲು. ಎಲ್ಲರೂ ಗಂಟುಮೂಟೆ ಕಟ್ಟಿ ಹೊರಡುತ್ತಾರೆ, ನಾಳೆ ಇದೇ ಹೊತ್ತಿಗೆ ಮತ್ತೆ ಬರುತ್ತಾರೆ. ದೀಪದ ಎರಡು ಸಣ್ಣ ದೃಶ್ಯಗಳಿಗೆ 20 ದಿನ ಹಿಡಿಯಿತು. ಸಿನಿಮಾದಲ್ಲಿ ಮನೆ ಮನೆಯಂತೆ ಅನಿಸುವುದು ಅಲ್ಲಿ ಮಾತ್ರ. ಉಳಿದಂತೆ ಅದು ಮನೆಯವರ ಹೆಣ ಸಾಲಾಗಿ ಮಲಗಿಸಿದ ಅಂಗಳ, ಕಿರುಗುಟ್ಟುವ ಖಾಲಿ ಉಯ್ಯಾಲೆ.

ಈ ಮನೆ ಯಾರದು? ಕಥೆಯಲ್ಲಿ ಠಾಕೂರ್ ಬಲದೇವ್ ಸಿಂಗನದು. ದುಡ್ಡು ಹಾಕಿದವರು ನಿರ್ಮಾಪಕ ಜಿ.ಪಿ. ಸಿಪ್ಪಿ, ಕಟ್ಟಿಸಿದವರು ಅವರ ಮಗ, ನಿರ್ದೇಶಕ ರಮೇಶ್ ಸಿಪ್ಪಿ. ಹಾಗಾಗಿ ಆ ಜಾಗಕ್ಕೆ ಕೆಲಕಾಲ ಸಿಪ್ಪಿನಗರ ಎಂಬ ಹೆಸರೂ ಬಿತ್ತು. ಹೊರಗಿನವರ ಹೆಸರು ಹೊರುವುದು ಈ ಊರಿಗೆ ಹೊಸದೇನಲ್ಲ. ಟಿಪ್ಪು ಕಾಲದಲ್ಲಿ ಇದು ಶಂಸೇರಾಬಾದ್. ಅವನು ಸತ್ತ ಮರುವರ್ಷ, 1800ರಲ್ಲಿ, ದಿವಾನ್ ಪೂರ್ಣಯ್ಯನವರು ಪೇಟೆ ಕಟ್ಟಿಸಿ ಇಂಗ್ಲಿಷರ ರೆಸಿಡೆಂಟ್ ಬ್ಯಾರಿ ಕ್ಲೋಸನ ಹೆಸರಿಟ್ಟರು: ಕ್ಲೋಸ್‌ಪೇಟೆ. ಸ್ವಾತಂತ್ರ್ಯ ಬಂದ ಮೇಲೆ ರಾಮನ ಹೆಸರಾಯಿತು. ಆದರೂ ಭೂವಿಜ್ಞಾನದ ಪುಸ್ತಕ ತೆರೆದರೆ ಈ ಬಂಡೆ ಇನ್ನೂ ‘ಕ್ಲೋಸ್‌ಪೇಟೆ ಗ್ರಾನೈಟ್’. ಸುಮಾರು 250 ಕೋಟಿ ವರ್ಷ ಹಳೆಯ ಕಲ್ಲಿಗೆ ಎರಡು ವರ್ಷವಿದ್ದು ಹೋದ ರೆಸಿಡೆಂಟನ ಹೆಸರು!

1975ರ ಆಗಸ್ಟ್ 15ರಂದು ಸಿನಿಮಾ ತೆರೆಗೆ ಬಂತು. ಆಮೇಲೆ ಮನೆಯ ಕಥೆ ಬೇಗ ಮುಗಿಯುತ್ತದೆ. ಸೆಟ್ಟು ಬಿಚ್ಚಿದರು, ರಾಮಗಢ ಇಲ್ಲವಾಯಿತು. 1984ರಲ್ಲಿ ತೆರೆಕಂಡ ಡೇವಿಡ್ ಲೀನ್‌ನ ‘ಎ ಪ್ಯಾಸೇಜ್ ಟು ಇಂಡಿಯಾ’ಕ್ಕೆ ಇದೇ ಬೆಟ್ಟ ಮತ್ತು ಮಾಗಡಿಯ ಸಾವನದುರ್ಗ ಅದರ ಮೂಲ ಇಂಗ್ಲಿಷ್ ಕಾದಂಬರಿಯ ಗುಹೆಗಳ ವೇಷ ಹಾಕಿದವು. ಆ ವೇಷವನ್ನೂ ಕಳಚಿದ್ದಾಯಿತು.

ಈಗ ಬನ್ನಿ. ಊರಿಂದ ಮೂರು ಕಿಲೋಮೀಟರು. ಕಮಾನು ದಾಟಿ ಮೆಟ್ಟಿಲು ಹತ್ತುತ್ತಿದ್ದೀರಿ, ಮೇಲೆ ರಾಮನ ಗುಡಿ. ಕೆಳಗೆ ನೋಡಿದರೆ ಬರೀ ಕುರುಚಲು. ಅಂಗಳ ಎಲ್ಲಿತ್ತು, ಪಡಸಾಲೆ ಎಲ್ಲಿತ್ತು ಎಂದು ಬೆರಳು ತೋರಿಸುವವರು ಸಿಗುತ್ತಾರೆ, ಒಬ್ಬೊಬ್ಬರ ಬೆರಳು ಒಂದೊಂದು ದಿಕ್ಕಿಗೆ. ಎದುರಿನ ಕಡಿದಾದ ಬಂಡೆಯ ಮೈಮೇಲೆ ಮಾತ್ರ ಸುಣ್ಣ ಸುರಿದಂತೆ ಬಿಳಿ ಗೆರೆ. ಅದು ರಣಹದ್ದಿನ ಹಿಕ್ಕೆ. ಅದರ ಮೇಲಿನ ಬಿರುಕಿನಲ್ಲಿ ಗೂಡು. ಉದ್ದ ಕೊಕ್ಕಿನ ಈ ರಣಹದ್ದು ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ, ಅದೂ ಚಳಿಗಾಲದಲ್ಲಿ. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವಿನ ಔಷಧಿ, ಸತ್ತ ದನದ ಮಾಂಸದ ಮೂಲಕ ಇವುಗಳ ಮೂತ್ರಪಿಂಡಕ್ಕೆ ಹೊಡೆದು, ದೇಶದ ತುಂಬ ಇವುಗಳ ಸಂತಾನ ಅಳಿಸಿಹೋಗುವ ಹಂತಕ್ಕೆ ಬಂತು. 2006ರಲ್ಲಿ ಆ ಪಶು ಔಷಧಿಗೆ ನಿಷೇಧ ಬಿತ್ತು. 2012ರಲ್ಲಿ ಸರ್ಕಾರ ಈ ಬೆಟ್ಟದ 346 ಹೆಕ್ಟೇರನ್ನು ರಣಹದ್ದು ಧಾಮವೆಂದು ಘೋಷಿಸಿತು. ದೇಶದಲ್ಲೇ ಮೊದಲನೆಯದು. ಬಾಡಿಗೆಗೆ ಬಂದವರೆಲ್ಲ ಹೋದ ಮೇಲೆ ಕಡೆಗೂ ಮನೆಯವರ ಹೆಸರಿಗೆ ಖಾತೆ ಆದಂತೆ.

ಬಂದವರು ಮೆಟ್ಟಿಲ ಮೇಲೆ ನಿಂತು ‘ಶೋಲೆ’ಯ ಖಳ ಗಬ್ಬರ್‌ನ ಡೈಲಾಗ್ ಕೂಗುವುದು ರೂಢಿ. ಬಂಡೆ ಅದನ್ನು ಎರಡರಷ್ಟು ಮಾಡಿ ವಾಪಸು ಕೊಡುತ್ತದೆ, ಮಜವೇ. ಆದರೆ ಚಳಿಗಾಲದಲ್ಲಿ ಬಂದರೆ ದಯವಿಟ್ಟು ಕೂಗಬೇಡಿ, ಮೇಲೆ ರಣಹದ್ದು ಕಾವಿಗೆ ಕೂತಿರುತ್ತದೆ.